ಲಿನಕ್ಸ್ ಸರ್ವರ್‌ಗೆ ಸ್ಥಿರ ಐಪಿ: ಓರೆಗೆರೆಯ ಮುಂದಿನ ಸಂಖ್ಯೆ

ಕಲಬುರಗಿಯ ಗಂಜ್ ಪ್ರದೇಶದ ಬೇಳೆ ಮಿಲ್ಲುಗಳಲ್ಲಿ ಕಂಪ್ಯೂಟರ್ ಕೆಲಸ ಕಲಿಯುತ್ತಿರುವ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ವೇಬ್ರಿಡ್ಜ್ (ಲಾರಿ ತೂಗುವ ಕಾಟಾ) ಬಳಿಯ ಕಂಪ್ಯೂಟರ್ ತೊಗರಿ ಲಾರಿಯ ತೂಕವನ್ನು ಕಚೇರಿಯ ಉಬುಂಟು (ಲಿನಕ್ಸ್‌ನ ಒಂದು ಬಗೆ) ಸರ್ವರ್‌ಗೆ ಕಳಿಸುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ರೂಟರ್ ಆ ಸರ್ವರ್‌ಗೆ ಬೇರೆ ವಿಳಾಸ ಕೊಟ್ಟರೆ ತೂಕದ ಚೀಟಿ ನಿಂತುಹೋಗುತ್ತದೆ, ಗೇಟಿನಲ್ಲಿ ಲಾರಿಗಳು ಸಾಲುಗಟ್ಟುತ್ತವೆ. ಅದಕ್ಕೇ ಸ್ಥಿರ ಐಪಿ ವಿಳಾಸ, ಅಂದರೆ ಜಾಲದಲ್ಲಿ ಯಂತ್ರವನ್ನು ಗುರುತಿಸುವ ಬದಲಾಗದ ಸಂಖ್ಯೆ, ಬೇಕು.

ಉಬುಂಟುವಿನಲ್ಲಿ ಈ ಕೆಲಸ ಜಾಲ ಹೊಂದಿಸುವ ನೆಟ್‌ಪ್ಲಾನ್ ಎಂಬ ಸಾಧನದ್ದು. ಅದರ ವೈಎಎಂಎಲ್ ಕಡತದಲ್ಲಿ (ಸಾಲುಗಳ ಒಳಸರಿತವೇ ಮುಖ್ಯವಾದ ಪಠ್ಯ ಕಡತ) ಡಿಎಚ್‌ಸಿಪಿ (ರೂಟರ್ ತಾನೇ ವಿಳಾಸ ಹಂಚುವ ವ್ಯವಸ್ಥೆ) ನಿಲ್ಲಿಸಿ, ವಿಳಾಸ, ರೂಟ್ (ಹೊರಗೆ ಹೋಗುವ ದಾರಿ), ಡಿಎನ್‌ಎಸ್ (ಹೆಸರುಗಳಿಗೆ ಐಪಿ ಹುಡುಕಿಕೊಡುವ ಸರ್ವರ್) ಬರೆಯಬೇಕು. ಸಾಲು ಒಳಸರಿಸಲು ಸ್ಪೇಸ್ ಮಾತ್ರ, ಟ್ಯಾಬ್ ನಡೆಯುವುದಿಲ್ಲ. ‘ಗೇಟ್‌ವೇ4’ ಎಂಬ ಹಳೆಯ ಸಾಲನ್ನು ಈಗ ಬಳಸಬಾರದು. ‘ರೂಟ್ಸ್’ ಅಡಿಯಲ್ಲಿ ‘ಟು’ ಎದುರು ‘ಡಿಫಾಲ್ಟ್’, ‘ವಯಾ’ ಎದುರು ರೂಟರ್‌ನ ವಿಳಾಸ. ಇಷ್ಟು ಯಾವ ಪಾಠದಲ್ಲಾದರೂ ಸಿಗುತ್ತದೆ.

ಯಾರೂ ನಿಂತು ಹೇಳದಿರುವುದು ವಿಳಾಸದ ಕೊನೆಯ ಓರೆಗೆರೆ ಮತ್ತು ಅದರ ಮುಂದಿನ ಸಂಖ್ಯೆಯನ್ನು. 192.168.10.70/26 ಎಂದು ಬರೆದಿದ್ದೇವೆ ಎಂದುಕೊಳ್ಳಿ. ಇಂಥ (ಐಪಿವಿ4) ವಿಳಾಸದಲ್ಲಿ ಒಟ್ಟು 32 ಬಿಟ್‌ಗಳು (0 ಅಥವಾ 1), ಅವುಗಳಲ್ಲಿ ಜಾಲವನ್ನು ಗುರುತಿಸುವವು ಎಷ್ಟು ಎಂದು ಓರೆಗೆರೆಯ ಮುಂದಿನ ಸಂಖ್ಯೆ ಹೇಳುತ್ತದೆ. 32ರಿಂದ 26 ಕಳೆದರೆ ಉಳಿಯುವುದು 6. ಎರಡನ್ನು ಆರು ಸಲ ಗುಣಿಸಿದರೆ 64. ಅಂದರೆ ಕೊನೆಯ ಚುಕ್ಕೆಯ ನಂತರದ ಅಂಕಿಯಂತೆ ವಿಳಾಸಗಳು 64ರ ಗುಂಪುಗಳಾಗಿ ಒಡೆಯುತ್ತವೆ: 0ಯಿಂದ 63, 64ರಿಂದ 127, 128ರಿಂದ 191, 192ರಿಂದ 255. ನಮ್ಮ 70 ಎರಡನೆಯ ಗುಂಪಿನದು. ಅದರಲ್ಲಿ 64 ಜಾಲದ ಗುರುತು, 127 ಬ್ರಾಡ್‌ಕಾಸ್ಟ್ (ಗುಂಪಿನ ಎಲ್ಲ ಯಂತ್ರಗಳಿಗೂ ಒಮ್ಮೆಗೇ ಕಳಿಸುವ ವಿಳಾಸ). ಯಂತ್ರಗಳಿಗೆ ಉಳಿಯುವುದು 62.

ಈಗ ಮಿಲ್ಲಿನ ಉಳಿದ ಯಂತ್ರಗಳೆಲ್ಲ /24ರಲ್ಲಿವೆ, ರೂಟರ್ 192.168.10.1, ವೇಬ್ರಿಡ್ಜ್ ಕಂಪ್ಯೂಟರ್ 20, ಪ್ರಿಂಟರ್ 90 ಎನ್ನೋಣ. ಸರ್ವರ್‌ನಿಂದ ಪ್ರಿಂಟರ್‌ಗೆ ಪಿಂಗ್ (ಯಂತ್ರ ಸಿಗುತ್ತದೆಯೇ ಎಂದು ನೋಡುವ ಪರೀಕ್ಷೆ) ಹೋಗುತ್ತದೆ, ಏಕೆಂದರೆ 90 ಅದೇ ಗುಂಪಿನಲ್ಲಿದೆ. 20 ಮಾತ್ರ ಸರ್ವರ್‌ನ ಲೆಕ್ಕದಲ್ಲಿ ಹೊರಗಿನ ಜಾಲ. ಹೊರಗೆ ಹೋಗಲು ಗೇಟ್‌ವೇ, ಅಂದರೆ ಇಲ್ಲಿ ರೂಟರ್, ಬೇಕು, ಆ ಗೇಟ್‌ವೇ 1 ಕೂಡ ಗುಂಪಿನ ಆಚೆ ಇದೆ! ವೇಬ್ರಿಡ್ಜ್ ಎಷ್ಟು ಕರೆದರೂ ಉತ್ತರ ಕಳಿಸಲು ಸರ್ವರ್‌ಗೆ ದಾರಿಯೇ ಇರುವುದಿಲ್ಲ. ಒಂದು ಯಂತ್ರ ಸಿಕ್ಕು ಇನ್ನೊಂದು ಸಿಗದಿದ್ದಾಗ ನಾವು ಕೇಬಲ್, ಸ್ವಿಚ್, ಫೈರ್‌ವಾಲ್ ಎಂದು ಅಲೆಯುತ್ತೇವೆ. ಮೊದಲು ನೋಡಬೇಕಾದದ್ದು ಆ ಸಂಖ್ಯೆಯನ್ನೇ. ಇಲ್ಲಿ 26 ಅನ್ನು 24 ಮಾಡಿದರೆ 0ಯಿಂದ 255ರವರೆಗೆ ಎಲ್ಲವೂ ಒಂದೇ ಗುಂಪು, ಸಮಸ್ಯೆ ಮುಗಿಯಿತು.

ನನಗೆ ಬಹಳ ಇಷ್ಟವಾದ ಅಡ್ಡದಾರಿಯೊಂದಿದೆ. ಓರೆಗೆರೆಯ ಸಂಖ್ಯೆಯ ಬದಲು ಅದನ್ನೇ ಇನ್ನೊಂದು ರೀತಿ ಹೇಳುವ ಸಬ್‌ನೆಟ್ ಮಾಸ್ಕ್ 255.255.255.192 ಎಂದು ಕೊಟ್ಟಿದ್ದರೆ 256ರಿಂದ 192 ಕಳೆಯಿರಿ. 64 ಬಂತು, ಅದೇ ಗುಂಪಿನ ಗಾತ್ರ. ಮಾಸ್ಕ್‌ನ ಕೊನೆಯ ಭಾಗ 224 ಆದರೆ 32, 240 ಆದರೆ 16. ಬಿಟ್ ಎಣಿಸುವ ಗೊಡವೆಯೇ ಇಲ್ಲ. ಕೊನೆಯ ಭಾಗ ಮಾತ್ರ ಬದಲಾಗುವ ಮಾಸ್ಕ್‌ಗಳಿಗೆ ಇದು ನೇರವಾಗಿ ಹೊಂದುತ್ತದೆ.

ಆರಿಸಿದ ವಿಳಾಸ ರೂಟರ್‌ನ ಡಿಎಚ್‌ಸಿಪಿ ವ್ಯಾಪ್ತಿಯ ಹೊರಗಿರಲಿ, ಇಲ್ಲವಾದರೆ ಅದೇ ವಿಳಾಸ ಯಾರದೋ ಮೊಬೈಲ್‌ಗೂ ಹೋಗಬಹುದು. ಬದಲಾವಣೆ ಜಾರಿಗೆ ‘ನೆಟ್‌ಪ್ಲಾನ್ ಅಪ್ಲೈ’ ಬದಲು ‘ನೆಟ್‌ಪ್ಲಾನ್ ಟ್ರೈ’ ಬಳಸಿ. 120 ಸೆಕೆಂಡುಗಳಲ್ಲಿ ನೀವು ಎಂಟರ್ ಒತ್ತಿ ಒಪ್ಪದಿದ್ದರೆ ಅದು ಹಳೆಯ ವ್ಯವಸ್ಥೆಗೆ ಮರಳುತ್ತದೆ. ಸೇಡಂನಲ್ಲಿ ಕುಳಿತು ಕಲಬುರಗಿಯ ಸರ್ವರ್ ತಿದ್ದುವಾಗ ಸಂಪರ್ಕ ಕಡಿದುಹೋದರೂ, ಎರಡು ನಿಮಿಷ ಕಾದು ಮತ್ತೆ ಲಾಗಿನ್ ಆಗಬಹುದು.