ಸ್ಟಾಪರ್ ಬ್ಯಾಕ್ ಕೋಚ್ ಆದರೆ

"ಸರ್, ನಮ್ಮ ಹುಡುಗನನ್ನ ಫಾರ್ವರ್ಡ್‌ನಲ್ಲಿ ಹಾಕಿ. ಬ್ಯಾಕ್‌ನಲ್ಲಿ ನಿಂತರೆ ಯಾರು ನೋಡ್ತಾರೆ?" ಕೊಡಗಿನ ಸಿದ್ದಾಪುರ, ಸುಂಟಿಕೊಪ್ಪ ಕಡೆ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುವವರೆಲ್ಲ ಈ ಮಾತು ಕೇಳಿಯೇ ಇರುತ್ತಾರೆ. ಅಪ್ಪಂದಿರು ಹೇಳುವುದೂ ಸುಳ್ಳಲ್ಲ. ಗೋಲು ಹೊಡೆದವನ ಹೆಸರನ್ನು ಮೈಕ್‌ನಲ್ಲಿ ಕೂಗುತ್ತಾರೆ. ಗೋಲು ತಡೆದವನ ಹೆಸರು ಟೀಮ್ ಲಿಸ್ಟ್‌ನಲ್ಲಿ ಇದ್ದರೆ ಅದೇ ಹೆಚ್ಚು.

ಆದರೆ ಆಟ ಬಿಟ್ಟ ಮೇಲೆ ಯಾರು ಏನಾದರು ಅಂತ ನೋಡಿ. ಜರ್ಮನಿಯ ಬೆಕನ್‌ಬಾವರ್ 1974ರಲ್ಲಿ ನಾಯಕನಾಗಿ ವಿಶ್ವಕಪ್ ಎತ್ತಿದರು, 1990ರಲ್ಲಿ ಕೋಚ್ ಆಗಿ ಮತ್ತೆ ಗೆದ್ದರು. ಅವರು ಆಡುತ್ತಿದ್ದದ್ದು ಡಿಫೆನ್ಸ್‌ನಲ್ಲಿ. ನಮ್ಮಲ್ಲೂ ಇದ್ದಾರೆ. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದ ಬ್ಯಾಕ್‌ಗಳಾದ ಜರ್ನೈಲ್ ಸಿಂಗ್, ಅರುಣ್ ಘೋಷ್ ಇಬ್ಬರೂ ಮುಂದೆ ಭಾರತಕ್ಕೆ ಕೋಚ್ ಆದರು. ಅಂದಹಾಗೆ, ಜರ್ನೈಲ್ ತಲೆಗೆ ಪೆಟ್ಟು ಬಿದ್ದಿದ್ದರೂ ಆ ಫೈನಲ್‌ನಲ್ಲಿ ಫಾರ್ವರ್ಡ್ ಆಡಿ ಗೋಲು ಹೊಡೆದಿದ್ದರು! ಮೋಹನ್ ಬಾಗಾನ್‌ನ ಸ್ಟಾಪರ್, ಅಂದರೆ ಗೋಲಿನ ಎದುರು ನಡುವೆ ನಿಲ್ಲುವ ಬ್ಯಾಕ್, ಸುಬ್ರತ ಭಟ್ಟಾಚಾರ್ಯ ಅದೇ ಕ್ಲಬ್‌ಗೆ ಕೋಚ್ ಆಗಿ ನ್ಯಾಷನಲ್ ಲೀಗ್ ಗೆಲ್ಲಿಸಿದರು. ಬೆಂಗಳೂರು ಎಫ್‌ಸಿಯಲ್ಲಿ ಕೋಚ್ ಆಗಿದ್ದ ನೌಶಾದ್ ಮೂಸಾ ಕೂಡ ಡಿಫೆಂಡರೇ.

ಇದಕ್ಕೆ ಕಾರಣ ಸರಳ. ಫಾರ್ವರ್ಡ್ ಅರ್ಧ ಹೊತ್ತು ಗೋಲಿಗೆ ಬೆನ್ನು ಹಾಕಿ ಆಡುತ್ತಾನೆ. ಸ್ಟಾಪರ್‌ಗೆ ಇಡೀ ಮೈದಾನ ಕಣ್ಣೆದುರಿಗೇ ಇರುತ್ತದೆ. ಸುಮ್ನೆ ನೋಡಿಕೊಂಡಿದ್ದರೆ ಸಾಲದು, ಬಾಯಿ ಬಿಡಲೇಬೇಕು. "ಮ್ಯಾನ್ ಆನ್" (ಎದುರಾಳಿ ಹತ್ತಿರ ಬಂದ), "ಟೈಮ್" (ಸಮಯ ಇದೆ), "ಸ್ಟೆಪ್" (ಮುಂದೆ ಬಾ), "ಡ್ರಾಪ್" (ಹಿಂದೆ ಸರಿ) ಅಂತ ತೊಂಬತ್ತು ನಿಮಿಷ ಕೂಗುತ್ತಿರಬೇಕು. ಬೇರೆಯವರು ಎಲ್ಲಿ ನಿಲ್ಲಬೇಕು ಅಂತ ಹೇಳುವುದೇ ಅವನ ಕೆಲಸ. ಕೋಚ್ ಮಾಡುವುದೂ ಅದನ್ನೇ ಅಲ್ವಾ?

ಕೊಡಗಿನ ಹುಡುಗರ ವಿಷಯಕ್ಕೆ ಬಂದರೆ ಇಲ್ಲೊಂದು ತೊಡಕಿದೆ. ನಾವು ಬೆಳೆಯುವುದು ಎರಡು ಆಟದ ನಡುವೆ. ಒಂದು ಹಾಕಿ, ಇನ್ನೊಂದು ಸೆವೆನ್ಸ್, ಅಂದರೆ ಚಿಕ್ಕ ಗ್ರೌಂಡ್‌ನಲ್ಲಿ ಏಳೇಳು ಜನ ಆಡುವ ಫುಟ್‌ಬಾಲ್. ಹಾಕಿ ಆಡಿದ ಹುಡುಗ ಡಿಫೆನ್ಸ್‌ಗೆ ಬಂದರೆ ನನಗೆ ಖುಷಿ. ಮೊಣಕಾಲು ಬಗ್ಗಿಸಿ, ಮೈ ಓರೆ ಮಾಡಿ, ಎದುರಾಳಿಯನ್ನು ಸೈಡ್‌ಲೈನ್ ಕಡೆ ತಳ್ಳಿಕೊಂಡು ಹೋಗುವುದು ಅವನಿಗೆ ಮೊದಲೇ ಗೊತ್ತಿರುತ್ತದೆ. ದುಡುಕಿ ಕಾಲು ಹಾಕುವುದಿಲ್ಲ. ಸೆವೆನ್ಸ್ ಆಡಿದವನು ಒಬ್ಬನಿಗೊಬ್ಬ ನಿಂತಾಗ ಗಟ್ಟಿ, ಚಿಕ್ಕ ಗ್ರೌಂಡ್‌ನಲ್ಲಿ ಪಳಗಿದವನು. ಆದರೆ ಫುಟ್‌ಬಾಲ್‌ನಲ್ಲಿ ಪಾಸ್ ಕೊಡುವಾಗ ಕೊನೆಯ ಬ್ಯಾಕ್‌ಗಿಂತ ಗೋಲಿಗೆ ಹತ್ತಿರ ನಿಂತ ಫಾರ್ವರ್ಡ್ ಆಫ್‌ಸೈಡ್, ಅವನು ಆ ಚೆಂಡು ಆಡುವ ಹಾಗಿಲ್ಲ. ಹಾಕಿಯಲ್ಲಿ 1990ರ ದಶಕದಲ್ಲೇ ಆಫ್‌ಸೈಡ್ ತೆಗೆದುಹಾಕಿದರು. ನಮ್ಮ ಕಡೆಯ ಸೆವೆನ್ಸ್‌ನಲ್ಲೂ ಹೆಚ್ಚಾಗಿ ಆಫ್‌ಸೈಡ್ ನೋಡುವುದಿಲ್ಲ. ಹಾಗಾಗಿ ಹದಿನೇಳು ವರ್ಷದ ಒಳ್ಳೆ ಬ್ಯಾಕ್ ಬೆಂಗಳೂರು ಲೀಗ್‌ಗೆ ಟ್ರಯಲ್ಸ್‌ಗೆ ಹೋದಾಗ ಸಿಕ್ಕಿಬೀಳುವುದು ಇಲ್ಲೇ. ತನ್ನ ಮ್ಯಾನ್‌ನ ಹಿಂದೆಯೇ ಓಡಿ ಗೋಲ್‌ಕೀಪರ್ ತನಕ ಹೋಗಿಬಿಡುತ್ತಾನೆ. ಉಳಿದ ಮೂವರು ಬ್ಯಾಕ್‌ಗಳು ಮುಂದೆ ನಿಂತು ಕೈ ಎತ್ತುತ್ತಾರೆ. ಆಫ್‌ಸೈಡ್ ಕೊಡಲು ಇವನೇ ಬಿಟ್ಟಿರುವುದಿಲ್ಲ.

ಲೈನ್, ಅಂದರೆ ಬ್ಯಾಕ್‌ಗಳೆಲ್ಲ ಒಂದೇ ಸಾಲಿನಲ್ಲಿ ನಿಲ್ಲುವುದು, ಕಲಿಸುವುದಕ್ಕೆ ನಾನು ಹಗ್ಗ ಬಳಸುತ್ತೇನೆ. ನಾಲ್ಕು ಬ್ಯಾಕ್‌ಗಳ ಕೈಗೆ ಒಂದೇ ಹಗ್ಗ. ಒಬ್ಬ ಹಿಂದೆ ಬಿದ್ದರೆ ಹಗ್ಗ ಎಳೆಯುತ್ತದೆ, ಪಕ್ಕದವನಿಗೆ ಗೊತ್ತಾಗುತ್ತದೆ. ಎದುರಿಗೆ ಒಬ್ಬ ಚೆಂಡು ಇಟ್ಟುಕೊಂಡು ನಿಲ್ಲುತ್ತಾನೆ. ನೋಡಬೇಕಾದದ್ದು ಅವನ ತಲೆ ಮತ್ತು ಕಾಲು. ತಲೆ ಕೆಳಗೆ ಹೋಗಿ ಕಾಲು ಹಿಂದಕ್ಕೆ ಬೀಸಿತು ಅಂದರೆ ಉದ್ದ ಚೆಂಡು ಬರುತ್ತದೆ. ಆಗ ನಾಲ್ವರೂ ಎರಡು ಹೆಜ್ಜೆ ಹಿಂದಕ್ಕೆ. ಅವನು ಬೆನ್ನು ತಿರುಗಿಸಿ ತನ್ನ ಗೋಲಿನ ಕಡೆ ಪಾಸ್ ಕೊಟ್ಟರೆ, ಚೆಂಡು ಉರುಳುತ್ತಿರುವಾಗಲೇ ನಾಲ್ವರೂ ಮುಂದಕ್ಕೆ. ಚೆಂಡು ನಿಂತ ಮೇಲೆ ಹೊರಟರೆ ತಡವಾಯಿತು. ಕೂಗುವವನು ಒಬ್ಬನೇ, ಸ್ಟಾಪರ್. ಶುರುವಿನಲ್ಲಿ ಹುಡುಗರಿಗೆ ಕೂಗಲು ನಾಚಿಕೆ. ಅದರಲ್ಲೂ ತನಗಿಂತ ದೊಡ್ಡವನು ಪಕ್ಕದಲ್ಲಿದ್ದರೆ ಬಾಯೇ ಬರುವುದಿಲ್ಲ. "ಅಣ್ಣಾ, ಡ್ರಾಪ್" ಅಂತಾನೆ ಒಬ್ಬ. ಅಣ್ಣ ಅನ್ನುವಷ್ಟರಲ್ಲಿ ಚೆಂಡು ಹಿಂದೆ ಬಿದ್ದಿರುತ್ತದೆ.

ಡಿಫೆಂಡರ್ ಕೆಲಸವನ್ನೇ ಬದಲಾಯಿಸಿದ್ದು ಎರಡು ನಿಯಮಗಳು. 1992ರಿಂದ, ತನ್ನ ಟೀಮ್‌ನವನು ಬೇಕೆಂದೇ ಕಾಲಿನಲ್ಲಿ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯುವ ಹಾಗಿಲ್ಲ. 2019ರಿಂದ ಗೋಲ್ ಕಿಕ್ ಪೆನಾಲ್ಟಿ ಬಾಕ್ಸ್ ದಾಟಲೇಬೇಕು ಅಂತಿಲ್ಲ, ಒಳಗೇ ಪಾಸ್ ತೆಗೆದುಕೊಳ್ಳಬಹುದು. ಹಳೇ ಕಾಲದ "ಹೊಡ್ದು ಹೊರಗೆ ಹಾಕೋ" ಅನ್ನುವ ಸ್ಟಾಪರ್‌ಗೆ ಈಗ ದೊಡ್ಡ ಲೀಗ್‌ನಲ್ಲಿ ಜಾಗ ಸಿಗುವುದು ಕಷ್ಟ. ಎರಡೂ ಕಾಲಲ್ಲಿ ಪಾಸ್ ಬರಬೇಕು. ಹಾಗಂತ ಜುಲೈ ಮಳೆಯಲ್ಲಿ, ಪಾಸ್ ಕೊಟ್ಟ ಚೆಂಡು ನೀರಿನಲ್ಲಿ ನಿಂತುಬಿಡುವ ಗ್ರೌಂಡ್‌ನಲ್ಲಿ, ಟಿವಿ ನೋಡಿ ಹಿಂದಿನಿಂದಲೇ ಸಣ್ಣ ಪಾಸ್ ಕೊಟ್ಟುಕೊಂಡು ಬರಲು ಹೋಗಬೇಡಿ. ಆಗ ಹೊಡೆದು ಹೊರಗೆ ಹಾಕುವುದೇ ಬುದ್ಧಿವಂತಿಕೆ.

ಇನ್ನು ಹೊಟ್ಟೆಪಾಡಿನ ವಿಷಯ. ಮೊದಲು ಬೆಂಗಳೂರಿನಲ್ಲಿ ಆಫೀಸ್ ಟೀಮ್‌ಗಳಿದ್ದವು. 1977ರ ಮೊದಲ ಫೆಡರೇಷನ್ ಕಪ್ ಗೆದ್ದದ್ದು ನಮ್ಮ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ತಂಡ, ಅದೂ ಮೋಹನ್ ಬಾಗಾನ್ ಎದುರು. ಆಡಿದರೆ ಕೆಲಸ, ಆಟ ನಿಂತರೂ ಸಂಬಳ. ಆ ದಾರಿ ಈಗ ಕಿರಿದಾಗಿದೆ. ಆದ್ದರಿಂದ ಆಡುವ ಕಾಲದಲ್ಲೇ ಕೋಚಿಂಗ್ ಲೈಸೆನ್ಸ್ ಶುರು ಮಾಡಿ ಅಂತ ನಾನು ಹೇಳುವುದು. ಕೆಳಗೆ ಡಿ, ಆಮೇಲೆ ಸಿ, ಬಿ, ಎ, ಕೊನೆಗೆ ಪ್ರೊ. ಒಂದೊಂದು ಮೆಟ್ಟಿಲಿನ ನಡುವೆ ಟೀಮ್ ಇಟ್ಟುಕೊಂಡು ಕೆಲಸ ಮಾಡಿರಬೇಕು, ಹಾರಿ ಹೋಗಲು ಆಗುವುದಿಲ್ಲ. ಸ್ಟಾಪರ್‌ಗೆ ಇಲ್ಲಿ ಒಂದು ಅನುಕೂಲವಿದೆ. ವಿಂಗ್‌ನಲ್ಲಿ ಓಡುವವನಿಗೆ ವೇಗ ಹೋದರೆ ಆಟವೂ ಹೋಯಿತು. ಸ್ಟಾಪರ್ ಆಟ ಓದಿಕೊಂಡು ಇನ್ನೂ ಕೆಲವು ವರ್ಷ ಎಳೆಯಬಹುದು.

ಆದರೆ ಆಟ, ಕೋಚಿಂಗ್ ಎರಡನ್ನೂ ಒಂದೇ ಪಂದ್ಯದಲ್ಲಿ ಮಾಡಬೇಡಿ. ಬೆಲ್ಜಿಯಂನ ಸ್ಟಾಪರ್ ವಿನ್ಸೆಂಟ್ ಕೊಂಪನಿ 2019ರಲ್ಲಿ ತಮ್ಮ ದೇಶದ ಕ್ಲಬ್ ಆಂಡರ್‌ಲೆಕ್ಟ್‌ಗೆ ಆಟಗಾರ, ಕೋಚ್ ಎರಡೂ ಆಗಿ ಹೋದರು. ಸ್ವಲ್ಪ ದಿನಕ್ಕೇ ಪಂದ್ಯದ ದಿನದ ಜವಾಬ್ದಾರಿಯನ್ನು ಬೇರೆಯವರಿಗೆ ಬಿಟ್ಟರು. ಬೂಟು ಬಿಚ್ಚಿಟ್ಟ ಮೇಲೆ ಅದೇ ಮನುಷ್ಯ ಕೋಚ್ ಆಗಿ 2025ರಲ್ಲಿ ಜರ್ಮನಿಯ ಬಯರ್ನ್‌ಗೆ ಬುಂಡೆಸ್‌ಲಿಗಾ ಗೆದ್ದುಕೊಟ್ಟರು.

ಡಿಫೆಂಡರ್ ಕೋಚ್‌ಗಳಿಗೆ ಒಂದು ರೋಗವಿದೆ, ಅದನ್ನೂ ಹೇಳಿಬಿಡುತ್ತೇನೆ. ಸೋಲಬಾರದು ಅಂತಲೇ ಟೀಮ್ ಕಟ್ಟುತ್ತೇವೆ. ಒಂದು ಗೋಲು ಮುಂದಿದ್ದರೆ ಫಾರ್ವರ್ಡ್ ಒಬ್ಬನನ್ನು ಹೊರಗೆ ಕರೆದು ಇನ್ನೊಬ್ಬ ಬ್ಯಾಕ್ ಹಾಕುವ ಆಸೆ ಬರುತ್ತದೆ. ಇಂಗ್ಲೆಂಡ್‌ನ ಸೌತ್‌ಗೇಟ್ ಮೇಲೂ ಇದೇ ದೂರಿತ್ತು. ಅವರೂ ಡಿಫೆಂಡರ್ ಆಗಿದ್ದು ಆಮೇಲೆ ಅದೇ ದೇಶಕ್ಕೆ ಕೋಚ್ ಆದವರು. ಎರಡು ಯೂರೋ ಫೈನಲ್ ತಲುಪಿದರೂ ಜನ ಬೈದರು. ನನಗೆ ಅವರ ಮೇಲೆ ಗೌರವವಿದೆ. 1996ರ ಯೂರೋ ಸೆಮಿಫೈನಲ್‌ನಲ್ಲಿ ಪೆನಾಲ್ಟಿ ಮಿಸ್ ಮಾಡಿದವರು, 2018ರ ವಿಶ್ವಕಪ್‌ನಲ್ಲಿ ತಮ್ಮ ಹುಡುಗರಿಂದ ಪೆನಾಲ್ಟಿ ಅಭ್ಯಾಸ ಮಾಡಿಸಿ ಕೊಲಂಬಿಯಾ ಎದುರು ಗೆಲ್ಲಿಸಿದರು. ಆದರೂ ಆ ದೂರಿನಲ್ಲಿ ಸ್ವಲ್ಪ ಹುರುಳಿದೆ. ಇದಕ್ಕೆ ನನಗೆ ಗೊತ್ತಿರುವ ಮದ್ದು ಒಂದೇ: ಜೊತೆಗೆ ಒಬ್ಬ ಹಳೇ ಫಾರ್ವರ್ಡ್‌ನನ್ನು ಇಟ್ಟುಕೊಳ್ಳುವುದು. ಶೂಟಿಂಗ್ ಪ್ರಾಕ್ಟೀಸ್ ಅವನಿಗೇ ಬಿಡಿ. ಪಂದ್ಯದ ಕೊನೆಯಲ್ಲಿ ಆಟಗಾರನನ್ನು ಬದಲಿಸುವ ಮೊದಲು ಅವನನ್ನೊಮ್ಮೆ ಕೇಳಿ.