ಹದಿನೆಂಟಕ್ಕೆ ಮತ, ಇಪ್ಪತ್ತೊಂದಕ್ಕೆ ಕಣ: ನಡುವೆ ಮುಚ್ಚಿಹೋದ ಕಾಲೇಜು ಮತಪೆಟ್ಟಿಗೆ

ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಯನ್ನು ಮತ್ತೆ ಆರಂಭಿಸಬೇಕೇ ಎಂಬ ಚರ್ಚೆ ರಾಜ್ಯದಲ್ಲಿ ಪುನಃ ಎದ್ದಿದೆ. ದಾವಣಗೆರೆಯಲ್ಲಿ ಈ ಮಾತು ತೆಗೆದರೆ ಐವತ್ತೈದು ದಾಟಿದವರಿಗೆ ಮೊದಲು ನೆನಪಾಗುವುದು ಹೊಡೆದಾಟ ಮತ್ತು ನಿಂತುಹೋದ ತರಗತಿಗಳು. ಈಗ ಪದವಿ ಓದುತ್ತಿರುವ ಬಹಳಷ್ಟು ಮಕ್ಕಳಿಗಾದರೋ, ಕಾಲೇಜಿನೊಳಗೆ ಒಂದು ಕಾಲಕ್ಕೆ ಮತದಾನ ನಡೆಯುತ್ತಿತ್ತು ಎಂಬುದೇ ಹೊಸ ಸುದ್ದಿ. ಈ ಎರಡು ತಲೆಮಾರುಗಳ ನಡುವೆ ಏನಾಯಿತು ಎಂಬುದನ್ನು ತಿಳಿಯದೆ ಚರ್ಚೆಯನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ.

ಸ್ವಾತಂತ್ರ್ಯ ಹೋರಾಟದಿಂದ ತುರ್ತು ಪರಿಸ್ಥಿತಿಯವರೆಗೆ ವಿದ್ಯಾರ್ಥಿಗಳು ಬೀದಿಗೆ ಇಳಿದರು, ಜೈಲಿಗೂ ಹೋದರು; ಆದರೆ ಇಪ್ಪತ್ತೊಂದು ತುಂಬುವವರೆಗೆ ಅವರಿಗೆ ಲೋಕಸಭೆ, ವಿಧಾನಸಭೆಗಳಿಗೆ ಮತ ಹಾಕುವ ಹಕ್ಕಿರಲಿಲ್ಲ. ಸಂವಿಧಾನದ 61ನೇ ತಿದ್ದುಪಡಿ ಮತದಾನದ ವಯಸ್ಸನ್ನು ಹದಿನೆಂಟಕ್ಕೆ ಇಳಿಸಿತು. ಇಂದಿನ ಯುವಜನರು ಓದು ಬಲ್ಲವರು, ತಿಳಿವಳಿಕೆಯುಳ್ಳವರು, ಅವರು ರಾಜಕೀಯ ಪ್ರಕ್ರಿಯೆಯ ಭಾಗವಾಗಬೇಕು ಎಂಬುದು ಆ ಮಸೂದೆಗೆ ಕೊಟ್ಟ ಕಾರಣವಾಗಿತ್ತು. ತಿದ್ದುಪಡಿ ಜಾರಿಗೆ ಬಂದದ್ದು 1989ರ ಮಾರ್ಚ್ 28ರಂದು. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳಿಗೆ ತಡೆ ಬಿದ್ದದ್ದು ಕೂಡ 1989-90ರ ಹೊತ್ತಿನಲ್ಲೇ. ದೇಶವನ್ನಾಳುವವರನ್ನು ಆರಿಸಲು ಯೋಗ್ಯರೆಂದು ಒಪ್ಪಿಕೊಂಡ ಮಕ್ಕಳನ್ನೇ, ತಮ್ಮ ತರಗತಿಯ ಪ್ರತಿನಿಧಿಯನ್ನು ಆರಿಸಲು ಯೋಗ್ಯರಲ್ಲವೆಂದು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ತೀರ್ಮಾನಿಸಿದಂತಾಯಿತು.

ಈ ತೀರ್ಮಾನಕ್ಕೆ ಕಾರಣಗಳೇ ಇರಲಿಲ್ಲ ಎನ್ನಲಾಗದು. ನಾನು ಪದವಿ ಓದುತ್ತಿದ್ದ ಎಂಬತ್ತರ ದಶಕದ ನಡುಭಾಗದಲ್ಲಿ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆದರೂ ಆಗಲೇ ಅದು ಕಾಲೇಜುಗಳ ಊರು. ಜಗಳೂರು, ಹರಪನಹಳ್ಳಿ, ಹೊನ್ನಾಳಿ, ಚನ್ನಗಿರಿ ಕಡೆಯ ಹುಡುಗರು ಖಾಸಗಿ ಬಸ್ಸುಗಳಲ್ಲಿ ಬಂದು ಓದಿ ಹೋಗುತ್ತಿದ್ದರು. ಹತ್ತಿ ಗಿರಣಿಗಳ ಕಾರ್ಮಿಕ ಚಳವಳಿಯಿಂದ ಬಂದ ಪಂಪಾಪತಿಯವರನ್ನು 1978, 1983 ಮತ್ತು 1985ರಲ್ಲಿ ಸಾಲಾಗಿ ಮೂರು ಬಾರಿ ವಿಧಾನಸಭೆಗೆ ಕಳಿಸಿದ ಊರದು. ಸಂಘ ಕಟ್ಟುವುದು, ಬೇಡಿಕೆಗಳನ್ನು ಬರೆದು ಮುಂದಿಡುವುದು ಗಿರಣಿ ಕಾರ್ಮಿಕರ ಮಕ್ಕಳಿಗೆ ಮನೆಯಲ್ಲೇ ಕಂಡು ಗೊತ್ತಿತ್ತು.

ಪ್ರತಿ ತರಗತಿಗೆ ಒಬ್ಬ ಸಿ.ಆರ್. (ತರಗತಿ ಪ್ರತಿನಿಧಿ), ಇಡೀ ಕಾಲೇಜಿಗೆ ಒಬ್ಬ ಜನರಲ್ ಸೆಕ್ರೆಟರಿ. ಸ್ಪರ್ಧಿಗಳು ಮೇಷ್ಟ್ರ ಅನುಮತಿ ಕೇಳಿ ಪಾಠದ ಕೊನೆಗೆ ಐದು ನಿಮಿಷ ಮಾತನಾಡುತ್ತಿದ್ದರು. ಜಗಳೂರು ಕಡೆಯ ಹಳ್ಳಿಯ ಒಬ್ಬ ಹುಡುಗ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡು, ರಿಯಾಯಿತಿ ಟಿಕೆಟ್ಟಿನ ವಿದ್ಯಾರ್ಥಿಗಳನ್ನು ಕಂಡರೆ ಸಂಜೆಯ ಬಸ್ಸು ನಿಲ್ಲಿಸುವುದಿಲ್ಲ, ಅದೊಂದನ್ನು ಸರಿ ಮಾಡಿಸುತ್ತೇನೆ, ಬೇರೆ ಯಾವ ಭರವಸೆಯನ್ನೂ ಕೊಡಲಾರೆ ಎಂದು ಹೇಳಿ ಕೂತಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಕಪ್ಪು ಹಲಗೆಯ ಮೇಲೆ ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹಾಕುತ್ತ ಎಣಿಕೆ ನಡೆಯಿತು. ಅವನು ಏಳು ಮತಗಳಿಂದ ಗೆದ್ದ. ಪ್ರಾಂಶುಪಾಲರನ್ನು ಜೊತೆಗೆ ಕರೆದುಕೊಂಡು ಬಸ್ಸಿನ ಏಜೆಂಟರ ಬಳಿ ಎರಡು ಸಲ ಹೋಗಿಬಂದ ಮೇಲೆ ಸಂಜೆಯ ಬಸ್ಸು ಕಾಲೇಜಿನ ಮುಂದೆ ನಿಲ್ಲತೊಡಗಿತು. ಪ್ರಾತಿನಿಧ್ಯವೆಂದರೆ ಏನೆಂದು ನಮಗೆ ತಿಳಿದದ್ದು ರಾಜ್ಯಶಾಸ್ತ್ರದ ಪುಸ್ತಕದಿಂದಲ್ಲ, ಆ ಬಸ್ಸಿನಿಂದ.

ಇನ್ನೊಂದು ಮುಖವನ್ನೂ ಅಷ್ಟೇ ಹತ್ತಿರದಿಂದ ಕಂಡಿದ್ದೇವೆ. ಹಾಸ್ಟೆಲ್ಲುಗಳು ಜಾತಿಯ ಲೆಕ್ಕದಲ್ಲಿ ಮತ ಎಣಿಸುವ ಕೋಟೆಗಳಾದವು. ಖಾನಾವಳಿಗಳಲ್ಲಿ ಯಾರೋ ಹೊರಗಿನವರ ದುಡ್ಡಿನಲ್ಲಿ ಊಟ ನಡೆಯುತ್ತಿತ್ತು. ನನ್ನ ಕೊನೆಯ ವರ್ಷ ಸೈಕಲ್ ಚೈನು ಹಿಡಿದು ಬಂದವರಲ್ಲಿ ಅರ್ಧದಷ್ಟು ಜನ ನಮ್ಮ ಕಾಲೇಜಿನವರೇ ಆಗಿರಲಿಲ್ಲ. ಎಣಿಕೆ ನಡುವೆಯೇ ನಿಂತು ಪೊಲೀಸರು ಬಂದರು. ಹೆಣ್ಣುಮಕ್ಕಳು ಎರಡು ವಾರ ತರಗತಿಗೆ ಬರಲಿಲ್ಲ. ಚುನಾವಣೆ ನಿಂತಾಗ ತಂದೆತಾಯಿಗಳು ನಿಟ್ಟುಸಿರು ಬಿಟ್ಟದ್ದು ಸಹಜವೇ ಆಗಿತ್ತು.

ಆದರೆ ತಾತ್ಕಾಲಿಕವಾಗಿ ನಿಲ್ಲಿಸಿದ್ದು ಖಾಯಂ ಆಯಿತು. ಹಲವು ಕಾಲೇಜುಗಳಲ್ಲಿ ಹೆಚ್ಚು ಅಂಕ ಪಡೆದವರನ್ನು ಪ್ರತಿನಿಧಿಗಳೆಂದು ಹೆಸರಿಸುವ ಪದ್ಧತಿ ಬಂದಿತು. ಹಾಗೆ ಹೆಸರಿಸಲ್ಪಟ್ಟವರು ಒಳ್ಳೆಯ ಮಕ್ಕಳೇ. ಆದರೆ ಸಹಪಾಠಿಗಳಿಗೆ ಉತ್ತರ ಹೇಳಬೇಕಾದ ಹಂಗು ಅವರಿಗಿಲ್ಲ, ಅವರನ್ನು ಬದಲಾಯಿಸುವ ದಾರಿ ಸಹಪಾಠಿಗಳಿಗೂ ಇಲ್ಲ.

ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ರಚನೆಯಾದ ಜೆ.ಎಂ. ಲಿಂಗ್ಡೋ ಸಮಿತಿ ವಿದ್ಯಾರ್ಥಿ ಸಂಘದ ಚುನಾವಣೆಗಳ ಬಗ್ಗೆ 2006ರಲ್ಲಿ ವರದಿ ಕೊಟ್ಟಿತು. ಅದೇ ವರ್ಷ ನ್ಯಾಯಾಲಯ ಅದನ್ನು ಜಾರಿಗೊಳಿಸಲು ಹೇಳಿತು. ಎಂಬತ್ತರ ದಶಕದ ನಮ್ಮ ಅನುಭವವನ್ನು ಎದುರಿಗಿಟ್ಟುಕೊಂಡೇ ಬರೆದಂತಿವೆ ಅದರ ನಿಯಮಗಳು. ಒಬ್ಬ ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರಬಾರದು, ಮುದ್ರಿತ ಪೋಸ್ಟರ್ ಕೂಡದು, ಧ್ವನಿವರ್ಧಕ, ವಾಹನ ಬಳಸುವಂತಿಲ್ಲ, ಶೇ 75ರಷ್ಟು ಹಾಜರಾತಿ ಇರಬೇಕು, ಇಡೀ ಪ್ರಕ್ರಿಯೆ 10 ದಿನಗಳೊಳಗೆ ಮುಗಿಯಬೇಕು. ವಿದ್ಯಾರ್ಥಿಯಲ್ಲದವರು ಪ್ರಕ್ರಿಯೆಯಿಂದ ದೂರವಿರಬೇಕು. ಶಾಂತಿಯುತ ಮತದಾನ ಸಾಧ್ಯವಿಲ್ಲದ ಕಡೆ ನಾಮನಿರ್ದೇಶನಕ್ಕೂ ಸಮಿತಿ ಅವಕಾಶ ಕೊಟ್ಟಿತಾದರೂ, ಅದು ಬರೀ ಅಂಕಗಳನ್ನು ನೋಡಿ ಆಗಬಾರದು, ಹೆಚ್ಚೆಂದರೆ ಐದು ವರ್ಷಗಳಲ್ಲಿ ಚುನಾವಣೆಗೆ ಮರಳಬೇಕು ಎಂದು ಸೂಚಿಸಿತು. ಆ ಲೆಕ್ಕದಲ್ಲಿ ಗಡುವು 2011ಕ್ಕೇ ಮುಗಿದಿದೆ.

ಕಾಲೇಜಿನ ಕೆಳಗೂ ಮೇಲೂ ಬಾಗಿಲುಗಳು ತೆರೆದಿವೆ ಎಂಬುದು ಈ ಕಥೆಯ ತೊಡಕು. ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸುತ್ತವೆ. ಸರ್ಕಾರಿ ಶಾಲೆಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದೆ. ಚಿತ್ರದುರ್ಗ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಮಕ್ಕಳು ಮೊಬೈಲ್ ಪರದೆಯ ಮೇಲೆ ಮತ ಒತ್ತಿ, ಬೆರಳಿಗೆ ಹಾಕಿಸಿಕೊಂಡ ಮಾರ್ಕರ್ ಗುರುತನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುವುದನ್ನು ನೋಡಿದ್ದೇನೆ. ಇನ್ನು ಇಪ್ಪತ್ತೊಂದು ತುಂಬಿದವರು ಪಂಚಾಯಿತಿ ಚುನಾವಣೆಗೆ ನಿಲ್ಲಬಹುದು. ಅಲ್ಲಿಯೂ ಅಡ್ಡಿಗಳಿಲ್ಲದಿಲ್ಲ: ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ಮೊಕದ್ದಮೆಗಳ ನಡುವೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ, ಅಧಿಕಾರಿಗಳೇ ಆಡಳಿತ ನೋಡಿಕೊಂಡರು.

ಮರುಚಾಲನೆಯ ಪರವಾಗಿರುವವರೂ ವಿರೋಧಿಸುವವರೂ ಹಳೆಯ ನೆನಪುಗಳನ್ನೇ ಮುಂದಿಡುತ್ತಿದ್ದಾರೆ. ತೋಳಹುಣಸೆಯ ಶಿವಗಂಗೋತ್ರಿಯಲ್ಲಿ 2009ರಲ್ಲಿ ಆರಂಭವಾದ ದಾವಣಗೆರೆ ವಿಶ್ವವಿದ್ಯಾಲಯದ ಇಡೀ ಆಯಸ್ಸು ಈ ತಡೆಯ ಕಾಲದಲ್ಲೇ ಕಳೆದಿದೆ. ಚಿತ್ರದುರ್ಗದ ಆ ಶಾಲೆಯಲ್ಲಿ ಪ್ರಧಾನಮಂತ್ರಿಯಾಗಿ ಗೆದ್ದು, ವರ್ಷವಿಡೀ ಬಿಸಿಯೂಟದ ತಟ್ಟೆ ತೊಳೆಯುವ ನಲ್ಲಿಗಾಗಿ ಮುಖ್ಯಶಿಕ್ಷಕರ ಬೆನ್ನುಬಿದ್ದು, ಕೊನೆಗೆ ಎರಡು ನಲ್ಲಿ ಹಾಕಿಸಿಕೊಂಡ ಹುಡುಗಿ ಈಗ ದಾವಣಗೆರೆಯಲ್ಲಿ ಮೊದಲ ವರ್ಷದ ಪದವಿಗೆ ಸೇರಿದ್ದಾಳೆ. ಅವಳ ತರಗತಿಯ ಸಿ.ಆರ್. ಯಾರೆಂಬುದು ಸೂಚನಾ ಫಲಕದ ಮೇಲೆ ಅಂಟಿಸಿದ ಹಾಳೆಯಿಂದ ಅವಳಿಗೆ ತಿಳಿಯಿತು.