ತರಕಾರಿ ಹೊಲದಲ್ಲಿ ಬೇರೆ ಬೆಳೆ ಸೇರಿಸಿದರೆ ಹುಳ ಜಾಸ್ತಿ ಆಗಲ್ವಾ?

ಪ್ರಶ್ನೆ: ಹಿರಿಯೂರು ಹತ್ತಿರ ಟೊಮೆಟೊ ಬೆಳೆಯುತ್ತೇವೆ. ಸೆಣಬು, ಅಲಸಂದೆ ಹಾಕಿ ನೆಲ ಮುಚ್ಚಿದರೆ ಹುಳದ ಕಾಟ ಕಮ್ಮಿ ಅಂತಾರೆ. ಹಸಿರು ಹೆಚ್ಚಾದರೆ ಹುಳವೂ ಹೆಚ್ಚಾಗಲ್ವಾ ಸಾರ್?

ಉತ್ತರ: ಆಗಬಹುದು. ಯಾವ ಹುಳ ಕಾಡುತ್ತಿದೆ ಅಂತ ನೋಡದೆ ಸುಮ್ನೆ ಬೀಜ ಎರಚಿದರೆ ಖಂಡಿತ ತೊಂದರೆ.

ಅಲಸಂದೆಯನ್ನೇ ನೋಡಿ. ಅದಕ್ಕೆ ಕಪ್ಪು ಹೇನು ಬೇಗ ಹತ್ತುತ್ತದೆ. ಆದರೆ ಆ ಹೇನಿಗೆ ಬೇಕಾದದ್ದು ಅಲಸಂದೆ, ಅವರೆ, ಶೇಂಗಾದಂಥ ಗಿಡ. ಟೊಮೆಟೊ ಕಡೆ ಅಷ್ಟಾಗಿ ಬರುವುದಿಲ್ಲ. ಹೇನು ತಿನ್ನಲು ಗುಲಗಂಜಿ ಹುಳ ಬಂದು ಅಲ್ಲೇ ಮೊಟ್ಟೆ ಇಡುತ್ತದೆ. ಇದು ನಮಗೆ ಲಾಭವೇ. ಹೇನು ಕಂಡ ಕೂಡಲೇ ಔಷಧಿ ಹೊಡೆದರೆ ಗುಲಗಂಜಿ ಹುಳವೂ ಸಾಯುತ್ತದೆ, ದಯವಿಟ್ಟು ಹೊಡೆಯಬೇಡಿ. ಆದರೆ ಬಿಳಿನೊಣ ಅಲಸಂದೆಯಲ್ಲೂ ಬೆಳೆಯುತ್ತದೆ, ಟೊಮೆಟೊಗೆ ಎಲೆ ಮುಟುರು ರೋಗ ತರುವುದೂ ಅದೇ. ನಿಮ್ಮಲ್ಲಿ ಆ ರೋಗ ಇದ್ದರೆ ಸಾಲಿನ ನಡುವೆ ಅಲಸಂದೆ ಬೇಡ. ಬದಲಿಗೆ ನಾಟಿಗೆ ಸುಮಾರು ಒಂದು ತಿಂಗಳು ಮೊದಲು ಹೊಲದ ಸುತ್ತ 2–3 ಸಾಲು ಮೆಕ್ಕೆಜೋಳ ಹಾಕಿ. ಎತ್ತರದ ಗಿಡ ಹಾರಿ ಬರುವ ನೊಣವನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಚಳ್ಳಕೆರೆ ಕಡೆ ಈರುಳ್ಳಿ ಬೆಳೆಯುವವರೂ ಥ್ರಿಪ್ಸ್ ನುಸಿಗೆ ಇದೇ ಉಪಾಯ ಮಾಡಬಹುದು.

ಕಾಯಿಕೊರಕಕ್ಕೆ ಚೆಂಡು ಹೂವೇ ಮದ್ದು. 16 ಸಾಲು ಟೊಮೆಟೊಗೆ ಒಂದು ಸಾಲು ಸಾಕು. ಚೆಂಡು ಹೂವಿನ ಸಸಿ 45 ದಿನದ್ದು, ಟೊಮೆಟೊ ಸಸಿ 25 ದಿನದ್ದು ಇರಲಿ, ಎರಡನ್ನೂ ಒಂದೇ ದಿನ ನೆಡಿ. ಆಗ ಎರಡೂ ಒಟ್ಟಿಗೆ ಹೂ ಬಿಡುತ್ತವೆ. ಕಾಯಿಕೊರಕದ ಚಿಟ್ಟೆ ಹೆಚ್ಚಾಗಿ ಚೆಂಡು ಹೂವಿನ ಮೊಗ್ಗಿಗೇ ಮೊಟ್ಟೆ ಇಡುತ್ತದೆ. ಈ ವಯಸ್ಸಿನ ಲೆಕ್ಕ ತಪ್ಪಿದರೆ ಶ್ರಮ ವ್ಯರ್ಥ. ಆ ಸಾಲಿನ ಹುಳ ಆರಿಸಿ ಕೊಲ್ಲುವುದನ್ನು ಮಾತ್ರ ಮರೆಯಬೇಡಿ. ಬಿಟ್ಟರೆ ಅಲ್ಲೇ ಬೆಳೆದು ಟೊಮೆಟೊಗೆ ಬರುತ್ತದೆ.

ಸೆಣಬು ಮೇಲಿನ ಹುಳಕ್ಕಿಂತ ಬೇರಿನ ಕಾಟಕ್ಕೆ ಒಳ್ಳೆಯದು. ಟೊಮೆಟೊ ಬೇರಿಗೆ ಗಂಟು ಕಟ್ಟಿಸುವ ಜಂತುಹುಳ ಸೆಣಬಿನ ಬೇರಲ್ಲಿ ಸರಿಯಾಗಿ ಬೆಳೆಯುವುದಿಲ್ಲ. ಹಿಂದಿನ ಬೆಳೆಯಲ್ಲಿ ಗಂಟು ಕಂಡಿದ್ದರೆ ಟೊಮೆಟೊಗೆ ಮೊದಲು ಇದನ್ನೇ ಹಾಕಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ. ನಮ್ಮ ಒಣ ಸೀಮೆಯಲ್ಲಿ ತೇವ ಇರುವಾಗಲೇ ಉಳುಮೆ ಮುಗಿಸಬೇಕು, ಇಲ್ಲದಿದ್ದರೆ ಗಿಡ ಕೊಳೆಯುವುದಿಲ್ಲ. ಹಸಿ ಸೊಪ್ಪಿನ ಮೇಲೆ ತಕ್ಷಣ ನಾಟಿ ಮಾಡಿದರೆ ಬುಡ ಕತ್ತರಿಸುವ ಹುಳದ ಭಯವೂ ಇದೆ. 2–3 ವಾರ ತಡೆದು ಸಸಿ ನೆಡಿ. ನಿಮಗೆ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರ ಹತ್ತಿರ. ಗಂಟುಬೇರಿನ ಗಿಡ ಒಂದನ್ನು ಮಣ್ಣಿನ ಸಮೇತ ಕಿತ್ತು ಅಲ್ಲಿ ತೋರಿಸಿ.